ಜಗದ್ಗುರು ಆರನೆಯ ಪಯಸ್‌ರವರು ಮತ್ತು ರೋಮಾಪುರಿಯ ಕಾಗದದ ಹಣ

ಒಂದು ದೇವಾಲಯಕ್ಕೆ ನೂರು ವರ್ಷ ತುಂಬಿದಾಗ ಅದರ ಚರಿತ್ರೆಯನ್ನು ಬರೆಯಹೊರಟವರು ಎರಡು ಪುಸ್ತಕಗಳನ್ನು ತೆರೆಯಬೇಕಾಗುತ್ತದೆ. ಒಂದು ಜ್ಞಾನಸ್ನಾನ, ವಿವಾಹ, ಮರಣಗಳ ದಾಖಲೆಯ ಪುಸ್ತಕ. ಇನ್ನೊಂದು ಜಮಾಖರ್ಚಿನ ಪುಸ್ತಕ. ಮೊದಲನೆಯದನ್ನು ಭಕ್ತಾದಿಗಳು ಪ್ರೀತಿಯಿಂದ ನೋಡುತ್ತಾರೆ. ತಮ್ಮ ಅಜ್ಜ ಅಜ್ಜಿಯರ ಹೆಸರು ಕಂಡಾಗ ಹಿಗ್ಗುತ್ತಾರೆ. ಎರಡನೆಯದನ್ನು ತೆರೆದು ನೋಡುವವರು ವಿರಳ. ಆದರೆ ಬಳ್ಳಾರಿಯ ಕೂಲಿಕಾರನೂ ಸಿರುಗುಪ್ಪದ ಗದ್ದೆಯಲ್ಲಿ ನಾಟಿ ಹಾಕುವ ತಾಯಿಯೂ ಕುರುಗೋಡಿನ ಚಿಕ್ಕ ವ್ಯಾಪಾರಿಯೂ ಹೊಟ್ಟೆ ಬಟ್ಟೆ ಕಟ್ಟಿ ಕೊಟ್ಟ ಕಾಣಿಕೆಯ ಗುರುತು ಉಳಿದಿರುವುದು ಆ ಎರಡನೆಯ ಪುಸ್ತಕದಲ್ಲಿಯೇ. ಅದರಲ್ಲಿ ಬರೆದ ಒಂದೊಂದು ಅಂಕಿಯ ಹಿಂದೆಯೂ ಒಂದು ನಂಬಿಕೆ ನಿಂತಿದೆ.

ಅಂಥ ನಂಬಿಕೆಯ ಪರೀಕ್ಷೆಯನ್ನು ಎದುರಿಸಿದ ಒಬ್ಬ ಜಗದ್ಗುರುಗಳ ಜೀವನವನ್ನು ಈ ಸ್ಮರಣ ಸಂಚಿಕೆಯ ವಾಚಕರ ಮುಂದಿಡಲು ನಾವು ಬಯಸುತ್ತೇವೆ. ಅವರು 1775ರಿಂದ 1799ರ ವರೆಗೆ ಸಂತ ಪೇತ್ರರ ಪೀಠವನ್ನು ಅಲಂಕರಿಸಿದ್ದ ಆರನೆಯ ಪಯಸ್‌ರವರು. ಸೆರೆಯಲ್ಲಿ ಪ್ರಾಣ ಬಿಟ್ಟ ಪೋಪರೆಂದು ಅವರನ್ನು ಧರ್ಮಸಭೆಯು ಗೌರವದಿಂದ ನೆನೆಯುತ್ತದೆ. ಆದರೆ ಅವರ ಆಳ್ವಿಕೆಯಲ್ಲಿಯೇ ರೋಮಿನಲ್ಲಿ ಕಾಗದದ ಹಣವು ಮಿತಿಮೀರಿ ಹರಡಿ, ಕೊನೆಗೆ ಬಡವರ ಕೈಯಲ್ಲಿ ಬೆಲೆಗೆಟ್ಟಿತೆಂಬುದನ್ನು ಬಲ್ಲವರು ಕಡಿಮೆ. ಈ ಎರಡು ಸಂಗತಿಗಳನ್ನೂ ಒಟ್ಟಿಗೆ ಹೇಳಿದರೆ ಮಾತ್ರ ಅವರ ಜೀವನವನ್ನು ನ್ಯಾಯವಾಗಿ ಹೇಳಿದಂತಾಗುತ್ತದೆ.

ಪೋಪ್ ಜಗದ್ಗುರುಗಳು ನೋಟುಗಳನ್ನು ಹೊರಡಿಸುತ್ತಿದ್ದರೇ ಎಂದು ಕೆಲವರು ಅಚ್ಚರಿಪಡಬಹುದು. ಎಂಟನೆಯ ಶತಮಾನದಿಂದ 1870ರ ವರೆಗೆ ಇಟಲಿಯ ನಡುಭಾಗದ ವಿಸ್ತಾರವಾದ ನಾಡು ಪೋಪರ ಆಳ್ವಿಕೆಯಲ್ಲಿತ್ತು. ಅಲ್ಲಿ ಅವರು ಆತ್ಮಗಳ ಪಾಲಕರಾಗಿದ್ದಂತೆಯೇ ಅರಸರೂ ಆಗಿದ್ದರು. ಅವರಿಗೆ ಸೈನ್ಯವಿತ್ತು, ಸುಂಕದ ಕಟ್ಟೆಗಳಿದ್ದವು, ಟಂಕಸಾಲೆಗಳಿದ್ದವು, ಸಾಲವೂ ಇತ್ತು. ಇಂದಿನ ವ್ಯಾಟಿಕನ್ ನಗರವು 1929ರ ಒಪ್ಪಂದದಿಂದ ಹುಟ್ಟಿದ, ಕೇವಲ 44 ಹೆಕ್ಟೇರುಗಳ ಪುಟ್ಟ ರಾಜ್ಯ. ಅದು ತನ್ನ ಮುದ್ರೆಯ ಯೂರೋ ನಾಣ್ಯಗಳನ್ನು ಹೊರಡಿಸುತ್ತದೆಯೇ ಹೊರತು ನೋಟುಗಳನ್ನು ಹೊರಡಿಸುವುದಿಲ್ಲ. ನಾವು ಹೇಳಹೊರಟಿರುವುದು ಅದಕ್ಕೆ ಹಿಂದಿನ ದೊಡ್ಡ ರಾಜ್ಯದ ಕಥೆ.

ಜನನ ಮತ್ತು ವಿದ್ಯಾಭ್ಯಾಸ

ಆರನೆಯ ಪಯಸ್‌ರವರ ಮೊದಲಿನ ಹೆಸರು ಜೊವಾನ್ನಿ ಆಂಜೆಲೊ ಬ್ರಾಸ್ಕಿ. ಪೋಪರ ರಾಜ್ಯಕ್ಕೇ ಸೇರಿದ್ದ ಚೆಸೇನಾ ಎಂಬ ಪಟ್ಟಣದಲ್ಲಿ 1717ರ ಡಿಸೆಂಬರ್ 25ರಂದು, ಕ್ರಿಸ್ತಜಯಂತಿಯ ದಿನವೇ, ಕುಲೀನ ಮನೆತನವೊಂದರಲ್ಲಿ ಜನಿಸಿದರು. ಮನೆತನಕ್ಕೆ ಹೆಸರಿದ್ದಷ್ಟು ಐಶ್ವರ್ಯವಿರಲಿಲ್ಲ. ಊರಿನ ಯೇಸುಸಭೆಯ ಗುರುಗಳಲ್ಲಿ ಅವರ ವಿದ್ಯಾಭ್ಯಾಸ ನಡೆಯಿತು. ಹದಿನೆಂಟು ತುಂಬುವ ಮೊದಲೇ ಅವರು ಧರ್ಮಸಭೆಯ ಕಾನೂನು ಮತ್ತು ಲೌಕಿಕ ಕಾನೂನು ಎರಡರಲ್ಲಿಯೂ ಡಾಕ್ಟರ್ ಪದವಿಯನ್ನು ಪಡೆದರು.

ಅನಂತರ ಫೆರಾರಾ ಪಟ್ಟಣಕ್ಕೆ ತೆರಳಿ, ಅಲ್ಲಿ ಪೋಪರ ಪ್ರತಿನಿಧಿಯಾಗಿದ್ದ ಕಾರ್ಡಿನಲ್ ತೊಮ್ಮಾಸೊ ರುಫೊ ಅವರ ಕಾರ್ಯದರ್ಶಿಯಾದರು. ಈ ಮಾರ್ಗವಾಗಿಯೇ ರೋಮಿನ ಆಡಳಿತಕ್ಕೆ ಅವರ ಪ್ರವೇಶವಾಯಿತು. ಜಗದ್ಗುರು ಹದಿನಾಲ್ಕನೆಯ ಬೆನೆಡಿಕ್ಟರು ಅವರ ಜಾಣ್ಮೆಯನ್ನು ಗುರುತಿಸಿ ತಮ್ಮ ಕಾರ್ಯದರ್ಶಿಗಳಲ್ಲಿ ಒಬ್ಬರನ್ನಾಗಿ ಮಾಡಿಕೊಂಡರು. ಬ್ರಾಸ್ಕಿಯವರಿಗೆ ವಿವಾಹ ನಿಶ್ಚಯವಾಗಿತ್ತು. ಆದರೆ ಉಭಯತರೂ ಒಪ್ಪಿ ಆ ಸಂಬಂಧವನ್ನು ಬಿಟ್ಟರು. ವಧುವು ಕನ್ಯಾಮಠವನ್ನು ಸೇರಿದರು, ವರನು 1758ರಲ್ಲಿ ಗುರುದೀಕ್ಷೆಯನ್ನು ಪಡೆದರು. ಆಗ ಅವರಿಗೆ ನಲವತ್ತು ವರ್ಷ.

ಬೊಕ್ಕಸದ ಅಧಿಕಾರಿ

1766ರಲ್ಲಿ ಜಗದ್ಗುರು ಹದಿಮೂರನೆಯ ಕ್ಲೆಮೆಂಟರು ಬ್ರಾಸ್ಕಿಯವರನ್ನು ರಾಜ್ಯದ ಮುಖ್ಯ ಖಜಾಂಚಿಯನ್ನಾಗಿ ನೇಮಿಸಿದರು. ತೆರಿಗೆ, ಸುಂಕ, ಟಂಕಸಾಲೆ, ಸಾಲದ ಬಡ್ಡಿ ಎಲ್ಲವೂ ಈ ಅಧಿಕಾರಿಯ ಕೈಕೆಳಗೆ ಬರುತ್ತಿದ್ದವು. ಬ್ರಾಸ್ಕಿಯವರು ಲೆಕ್ಕದಲ್ಲಿ ಬಿಗಿ. ಬೊಕ್ಕಸದ ಹಣದಲ್ಲಿ ಕೈಯಾಡಿಸಿ ಬಾಳುತ್ತಿದ್ದವರಿಗೆ ಅವರು ಕಣ್ಣಿನ ಕಸವಾದರು. ಅಂಥವರ ಒತ್ತಾಯದಿಂದಲೇ 1773ರಲ್ಲಿ ಅವರಿಗೆ ಕಾರ್ಡಿನಲ್ ಪದವಿ ದೊರೆಯಿತೆಂದೂ, ಪದವಿ ಏರಿಸಿದಂತೆ ಮಾಡಿ ಖಜಾನೆಯಿಂದ ಅವರನ್ನು ದೂರವಿಟ್ಟರೆಂದೂ ಚರಿತ್ರಕಾರರು ಹೇಳುವುದುಂಟು.

ಈ ಅಂಶವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಯಾರ ಆಳ್ವಿಕೆಯಲ್ಲಿ ರೋಮಿನ ಹಣಕಾಸು ಕುಸಿದು ಬಿತ್ತೋ ಅವರು ಲೆಕ್ಕ ತಿಳಿಯದ ಸಾಧುಗಳೇನೂ ಆಗಿರಲಿಲ್ಲ. ಏಳು ವರ್ಷ ಖಜಾನೆಯನ್ನು ಸ್ವತಃ ನಡೆಸಿದವರು. ತಿಳಿದವರ ಕೈಯಲ್ಲಿಯೂ ಹಣವು ಹೇಗೆ ಜಾರಬಲ್ಲುದೆಂಬುದೇ ಇಲ್ಲಿರುವ ಪಾಠ.

ಚೆದೊಲೆ ಎಂಬ ಕಾಗದ

ಆ ಕಾಲದ ರೋಮಿನಲ್ಲಿ ಸ್ಕೂದೊ ಎಂಬ ಬೆಳ್ಳಿಯ ನಾಣ್ಯವು ಪ್ರಧಾನವಾಗಿತ್ತು. ಒಂದು ಸ್ಕೂದೊಗೆ 10 ಪಾವೊಲೊ, 100 ಬಯೋಕ್ಕೊ. ನಮ್ಮ ಕಡೆ ವರಹ, ಹಣ, ಕಾಸುಗಳು ನಡೆಯುತ್ತಿದ್ದಂತೆ ಅಲ್ಲಿ ಇವು ನಡೆಯುತ್ತಿದ್ದವು.

ನಾಣ್ಯವನ್ನು ಮನೆಯಲ್ಲಿಡಲು ಹೆದರುವವರಿಗಾಗಿ ರೋಮಿನಲ್ಲಿ ಎರಡು ಪುಣ್ಯಸಂಸ್ಥೆಗಳಿದ್ದವು. ಮೊದಲನೆಯದು ಮೊಂತೆ ದಿ ಪಿಯೆತಾ. 1539ರಲ್ಲಿ ಜಗದ್ಗುರು ಮೂರನೆಯ ಪೌಲರ ಅಪ್ಪಣೆಯಿಂದ ಆರಂಭವಾದ ಈ ನಿಧಿಯು, ಬಡವರು ಬಡ್ಡಿಕೋರರ ಬಾಯಿಗೆ ಬೀಳದಿರಲೆಂದು ಸಾಮಾನನ್ನು ಗಿರವಿ ಇಟ್ಟುಕೊಂಡು ಸಾಲ ಕೊಡುತ್ತಿತ್ತು. ಎರಡನೆಯದು ಪವಿತ್ರಾತ್ಮರ ಬ್ಯಾಂಕು. 1605ರಲ್ಲಿ ಜಗದ್ಗುರು ಐದನೆಯ ಪೌಲರು ಇದನ್ನು ಸ್ಥಾಪಿಸಿದರು. ಇದು ವ್ಯಾಟಿಕನ್ನಿನ ಹತ್ತಿರದ ಪವಿತ್ರಾತ್ಮರ ಆಸ್ಪತ್ರೆಗೆ ಸೇರಿದ್ದು. ರೋಗಿಗಳನ್ನೂ ತಬ್ಬಲಿ ಶಿಶುಗಳನ್ನೂ ಸಾಕುತ್ತಿದ್ದ ಆ ಆಸ್ಪತ್ರೆಯ ಜಮೀನುಗಳೇ ಠೇವಣಿದಾರರಿಗೆ ಭದ್ರತೆ.

ಇಲ್ಲಿ ನಾಣ್ಯವನ್ನು ಠೇವಣಿ ಇಟ್ಟವನಿಗೆ ಒಂದು ಚೀಟಿ ದೊರೆಯುತ್ತಿತ್ತು. ಅರ್ಧ ಅಚ್ಚಾದ, ಅರ್ಧ ಕೈಯಿಂದ ಬರೆದ, ಸಂಖ್ಯೆ ಮತ್ತು ರುಜುಗಳುಳ್ಳ ಆ ಕಾಗದಕ್ಕೆ ಚೆದೊಲಾ ಎಂದು ಹೆಸರು, ಅನೇಕವಾದಾಗ ಚೆದೊಲೆ. ಚೀಟಿಯನ್ನು ತಂದವನಿಗೆ ಬ್ಯಾಂಕು ನಾಣ್ಯವನ್ನು ಎಣಿಸಿ ಕೊಡಬೇಕು. ಬ್ಯಾಂಕಿನ ಮೇಲೆ ಎಲ್ಲರಿಗೂ ನಂಬಿಕೆಯಿದ್ದುದರಿಂದ ಜನರು ಚೀಟಿಯನ್ನೇ ಕೈಯಿಂದ ಕೈಗೆ ದಾಟಿಸತೊಡಗಿದರು. ಹೀಗೆ ಠೇವಣಿಯ ರಸೀದಿಯೇ ಹಣವಾಯಿತು. ನಮ್ಮ ವರ್ತಕರು ಬಹುಕಾಲ ನಡೆಸಿಕೊಂಡು ಬಂದ ಹುಂಡಿಯ ಮರ್ಮವೂ ಇದೇ: ಬರೆದವನ ಮಾತು ನಡೆಯುವ ವರೆಗೆ ಕಾಗದವೂ ನಡೆಯುತ್ತದೆ.

ಸಿರುಗುಪ್ಪದ ವಾಚಕರಿಗೆ ತಿಳಿಯುವಂತೆ ಒಂದು ಉದಾಹರಣೆ ಕೊಡುತ್ತೇವೆ. ಗೋದಾಮಿನಲ್ಲಿ ನೂರು ಚೀಲ ಭತ್ತವಿರುವಾಗ ಅದರ ಯಜಮಾನನು ಚೀಲಕ್ಕೊಂದರಂತೆ ನೂರು ಚೀಟಿ ಬರೆದುಕೊಟ್ಟರೆ ಯಾರಿಗೂ ಮೋಸವಿಲ್ಲ. ಎಲ್ಲರೂ ಒಂದೇ ದಿನ ಬರುವುದಿಲ್ಲವೆಂಬ ಧೈರ್ಯದಿಂದ ನೂರೈವತ್ತು ಚೀಟಿ ಬರೆದರೂ ಕೆಲವು ಕಾಲ ನಡೆಯಬಹುದು. ಮುನ್ನೂರು ಬರೆದಾಗ ಸುದ್ದಿ ಹೊರಬೀಳುತ್ತದೆ. ಎಲ್ಲರೂ ಒಂದೇ ಬೆಳಿಗ್ಗೆ ಬಾಗಿಲ ಮುಂದೆ ನಿಲ್ಲುತ್ತಾರೆ. ರೋಮಿನಲ್ಲಿ ನಡೆದದ್ದು ಇಷ್ಟೇ. ಸರ್ಕಾರಕ್ಕೆ ಹಣ ಬೇಕಾದಾಗಲೆಲ್ಲ ಅದು ಈ ಎರಡು ಸಂಸ್ಥೆಗಳಿಂದ ಸಾಲ ಕೇಳಿತು. ಸಂಸ್ಥೆಗಳು ನಾಣ್ಯವಿಲ್ಲದೆ ಚೀಟಿಗಳನ್ನೇ ಬರೆದುಕೊಟ್ಟವು.

ಪೀಠಾರೋಹಣ ಮತ್ತು ಮಹಾಕಾರ್ಯಗಳು

ನಾಲ್ಕು ತಿಂಗಳಿಗೂ ಮೀರಿ ನಡೆದ ಚುನಾವಣೆಯ ತರುವಾಯ 1775ರ ಫೆಬ್ರವರಿ 15ರಂದು ಬ್ರಾಸ್ಕಿಯವರು ಪೋಪರಾಗಿ ಆಯ್ಕೆಯಾಗಿ, ಆರನೆಯ ಪಯಸ್ ಎಂಬ ಹೆಸರನ್ನು ಧರಿಸಿದರು. ಅದು ಜ್ಯೂಬಿಲಿ ವರ್ಷ. ಅವರ ಮೊದಲ ಕಾರ್ಯಗಳಲ್ಲಿ ಒಂದು ಪವಿತ್ರ ದ್ವಾರವನ್ನು ತೆರೆದುದು. ಎತ್ತರದ ನಿಲುವು, ಗಂಭೀರವಾದ ಮುಖ, ಇಂಪಾದ ಕಂಠ. ಪೂಜಾವಿಧಿಗಳಲ್ಲಿ ಅವರನ್ನು ನೋಡಲೆಂದೇ ಯಾತ್ರಿಕರು ಸೇರುತ್ತಿದ್ದರು.

ಹೊಸ ಜಗದ್ಗುರುಗಳು ಉತ್ಸಾಹಿಗಳು. ರೋಮಿನ ದಕ್ಷಿಣಕ್ಕೆ ಪೊಂತೀನ್ ಎಂಬ ವಿಸ್ತಾರವಾದ ಜೌಗು ಪ್ರದೇಶವಿದೆ. ಪುರಾತನ ರೋಮನರ ಕಾಲದಿಂದಲೂ ಅಲ್ಲಿ ನಿಂತ ನೀರು, ಸೊಳ್ಳೆ, ಚಳಿಜ್ವರ. ಅದನ್ನು ಬತ್ತಿಸಿ ಉಳುವ ಭೂಮಿಯನ್ನಾಗಿ ಮಾಡಬೇಕೆಂದು ಅವರು ಸಂಕಲ್ಪಿಸಿದರು. ಗಯೆತಾನೊ ರಪ್ಪೀನಿ ಎಂಬ ಎಂಜಿನಿಯರರ ಕೈಯಲ್ಲಿ ಕೆಲಸ ಆರಂಭವಾಯಿತು. ದೊಡ್ಡ ಕಾಲುವೆಯನ್ನು ತೋಡಿದರು. ಮುಳುಗಿಹೋಗಿದ್ದ ಪುರಾತನ ಆಪ್ಪಿಯನ್ ಹೆದ್ದಾರಿಯನ್ನು ಮತ್ತೆ ತೆರೆದರು. ಜಗದ್ಗುರುಗಳು ಕೆಲಸವನ್ನು ನೋಡಲು ಸ್ವತಃ ಅಲ್ಲಿಗೆ ಹೋಗುತ್ತಿದ್ದರು. ತುಂಗಭದ್ರೆಯ ಕಾಲುವೆಗಳಿಂದ ಈ ಸೀಮೆಯ ಬಾಳು ಹೇಗೆ ಬದಲಾಯಿತೆಂಬುದನ್ನು ಬಲ್ಲ ನಮಗೆ ಅವರ ಆಸೆಯ ಹಿರಿಮೆಯು ಅರ್ಥವಾಗದಿರದು. ಆದರೆ ಈ ಕಾರ್ಯವು ಸುಮಾರು 16 ಲಕ್ಷ ಸ್ಕೂದಿಗಳನ್ನು ನುಂಗಿತು. ಜೌಗು ಅರೆಬರೆ ಬತ್ತಿತು, ಚಳಿಜ್ವರ ಹೋಗಲಿಲ್ಲ.

ಇದರ ಜೊತೆಗೆ ಸಂತ ಪೇತ್ರರ ಮಹಾದೇವಾಲಯಕ್ಕೆ ಹೊಸ ಪೂಜಾವಸ್ತ್ರಾಗಾರ, ವ್ಯಾಟಿಕನ್ನಿನ ವಸ್ತುಸಂಗ್ರಹಾಲಯದ ವಿಸ್ತರಣೆ, ನಗರದ ಮೂರು ಕಡೆ ಪುರಾತನ ಶಿಲಾಸ್ತಂಭಗಳ ಪ್ರತಿಷ್ಠಾಪನೆ ನಡೆದವು. ಇವೆಲ್ಲ ಇಂದಿಗೂ ರೋಮಿನ ಶೋಭೆ. ಆದರೆ ತಮ್ಮ ಸೋದರಳಿಯನಿಗೂ ಅವರು ಅರಮನೆಯನ್ನು ಕಟ್ಟಿಸಿದರು. ಬತ್ತಿಸಿದ ಭೂಮಿಯ ಹೆಚ್ಚು ಭಾಗವೂ ಅವನಿಗೇ ಸಂದಿತು. ಇದನ್ನು ಮುಚ್ಚಿಡುವುದರಿಂದ ಧರ್ಮಸಭೆಗೆ ಲಾಭವಿಲ್ಲ. ಬೊಕ್ಕಸದ ಕಳ್ಳರ ಮೇಲೆ ಕಣ್ಣಿಟ್ಟಿದ್ದವರು ಬಂಧುಪ್ರೇಮಕ್ಕೆ ಸೋತರು.

ಖರ್ಚಿಗೆ ಬೇರೆ ಕಾರಣಗಳೂ ಇದ್ದವು. ಹಿಂದಿನ ಪೋಪರ ಕಾಲದ ಸಾಲಗಳ ಬಡ್ಡಿಯೇ ಆದಾಯದ ದೊಡ್ಡ ಪಾಲನ್ನು ಸೆಳೆಯುತ್ತಿತ್ತು. ರೋಮಿನ ಬಡವರಿಗೆ ರೊಟ್ಟಿಯು ಸುಲಭದ ಬೆಲೆಗೆ ದೊರೆಯಲೆಂದು ಸರ್ಕಾರವು ಧಾನ್ಯವನ್ನು ಹೆಚ್ಚು ಬೆಲೆಗೆ ಕೊಂಡು, ನಷ್ಟವನ್ನು ತಾನೇ ಹೊರುತ್ತಿತ್ತು. ನಮ್ಮ ನ್ಯಾಯಬೆಲೆ ಅಂಗಡಿಗಳ ಹಿಂದಿನ ಹೊರೆಯನ್ನು ನೆನೆದರೆ ಇದು ತಿಳಿಯುತ್ತದೆ. ಹೊರರಾಜ್ಯಗಳಿಂದ ಬರುತ್ತಿದ್ದ ಹಣವೂ ಕುಗ್ಗಿತು. ನೇಪಲ್ಸ್ ರಾಜ್ಯವು ವರ್ಷವರ್ಷ ಒಪ್ಪಿಸುತ್ತಿದ್ದ ಕಪ್ಪವನ್ನು 1788ರಲ್ಲಿ ನಿಲ್ಲಿಸಿತು. ಜಗದ್ಗುರುಗಳು ಸುಧಾರಣೆಗೆ ಯತ್ನಿಸದೆ ಇರಲಿಲ್ಲ. 1777ರಲ್ಲಿ ಭೂಮಿಯ ಹೊಸ ಮೋಜಣಿಗೆ ಅಪ್ಪಣೆ ಮಾಡಿದರು. ಒಳನಾಡಿನ ಸುಂಕದ ಕಟ್ಟೆಗಳನ್ನು ತೆಗೆದುಹಾಕಿ ಗಡಿಯಲ್ಲಿ ಮಾತ್ರ ಸುಂಕ ವಸೂಲು ಮಾಡುವ ಕ್ರಮವನ್ನು ತಂದರು. ಜಮೀನ್ದಾರರ ವಿರೋಧದಿಂದ ಇವುಗಳ ಫಲ ಪೂರ್ಣವಾಗಿ ಕೈಗೂಡಲಿಲ್ಲ. ಕೊರತೆಯನ್ನು ತುಂಬಿದ್ದು ಚೆದೊಲೆ.

ಆತ್ಮಗಳ ಪಾಲನೆ

ಈ ನಡುವೆ ಅವರ ಪ್ರಧಾನ ಕರ್ತವ್ಯವಾದ ಧರ್ಮಪಾಲನೆಯೂ ಸುಗಮವಾಗಿರಲಿಲ್ಲ. ಆಸ್ಟ್ರಿಯದ ಚಕ್ರವರ್ತಿ ಎರಡನೆಯ ಜೋಸೆಫನು ಮಠಗಳನ್ನು ಮುಚ್ಚಿ, ಧರ್ಮಸಭೆಯ ಆಡಳಿತದಲ್ಲಿ ಕೈಹಾಕಿದನು. ಅವನ ಮನಸ್ಸನ್ನು ತಿರುಗಿಸಲು ಜಗದ್ಗುರುಗಳು ತಾವೇ ಪ್ರಯಾಣ ಮಾಡಿ 1782ರ ಮಾರ್ಚ್ 22ರಂದು ವಿಯೆನ್ನಾ ನಗರವನ್ನು ತಲುಪಿದರು. ದಾರಿಯುದ್ದಕ್ಕೂ ಜನಸಾಗರ ಅವರ ಆಶೀರ್ವಾದಕ್ಕಾಗಿ ಮಂಡಿಯೂರಿತು. ಚಕ್ರವರ್ತಿ ಸತ್ಕರಿಸಿದನು, ಕೇಳಿದ್ದನ್ನು ಕೊಡಲಿಲ್ಲ.

1789ರಲ್ಲಿ ಅವರು ಅಮೆರಿಕ ಸಂಯುಕ್ತ ಸಂಸ್ಥಾನದ ಮೊದಲ ಧರ್ಮಪ್ರಾಂತ್ಯವನ್ನು ಬಾಲ್ಟಿಮೋರಿನಲ್ಲಿ ಸ್ಥಾಪಿಸಿದರು. ನಮ್ಮ ದೇಶದ ಸಂಗತಿಯೂ ಅವರ ಕಾಲಕ್ಕೆ ತಗುಲಿಕೊಂಡಿದೆ. 1773ರಲ್ಲಿ ಯೇಸುಸಭೆಯು ರದ್ದಾದ ಮೇಲೆ ದಕ್ಷಿಣ ಭಾರತದ ಅದರ ಮಿಷನ್ ಕ್ಷೇತ್ರಗಳು ಅನಾಥವಾಗಿದ್ದವು. ಇವರ ಆಳ್ವಿಕೆಯ ಆರಂಭದಲ್ಲಿ ಪ್ಯಾರಿಸ್ ವಿದೇಶ ಮಿಷನ್ ಸಂಘದ ಗುರುಗಳು ಪುದುಚೇರಿಯಿಂದ ಆ ಹೊಣೆಯನ್ನು ಹೊತ್ತರು. ಕ್ರಾಂತಿಯ ಫ್ರಾನ್ಸಿನಿಂದ ಹೊರಟು ಬಂದು, ಶ್ರೀರಂಗಪಟ್ಟಣದ ಪತನದ ನಂತರ ಮೈಸೂರು ಸೀಮೆಯಲ್ಲಿ ದುಡಿದ ಅಬ್ಬೆ ದ್ಯುಬುವಾ ಅವರು ಆ ಸಂಘದವರೇ.

ಕ್ರಾಂತಿಯ ಬಿರುಗಾಳಿ

1789ರಲ್ಲಿ ಫ್ರಾನ್ಸಿನಲ್ಲಿ ಮಹಾಕ್ರಾಂತಿಯು ಸ್ಫೋಟಿಸಿತು. ಆ ವರ್ಷದ ನವೆಂಬರ್ 2ರಂದು ಅಲ್ಲಿನ ಸಭೆಯು ಧರ್ಮಸಭೆಯ ಸಮಸ್ತ ಆಸ್ತಿಯನ್ನೂ ರಾಷ್ಟ್ರದ ಸ್ವತ್ತೆಂದು ಸಾರಿತು. ಆ ಆಸ್ತಿಯ ಆಧಾರದ ಮೇಲೆ ಅಸಿನ್ಯಾ ಎಂಬ ಕಾಗದದ ಹಣವನ್ನು ಹೊರಡಿಸಿತು. ಮೊದಲು ಮಿತಿಯಲ್ಲಿದ್ದ ಈ ಕಾಗದವನ್ನು ಯುದ್ಧದ ಖರ್ಚಿಗಾಗಿ ಮನಬಂದಂತೆ ಅಚ್ಚು ಹಾಕಿದರು. ಏಳು ವರ್ಷಗಳೊಳಗೆ ಅದು ಕಸಕ್ಕೆ ಸಮನಾಯಿತು. 1796ರಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಧರ್ಮಸಭೆಯ ರಾಜ್ಯವೂ ಧರ್ಮಸಭೆಯ ವೈರಿಗಳ ರಾಜ್ಯವೂ ಒಂದೇ ಕಾಲದಲ್ಲಿ ಒಂದೇ ತಪ್ಪನ್ನು ಮಾಡುತ್ತಿದ್ದವು. ಅಂಕಗಣಿತವು ಯಾರ ಮತವನ್ನೂ ಕೇಳುವುದಿಲ್ಲ.

ಗುರುಗಳು ರಾಷ್ಟ್ರಕ್ಕೆ ಪ್ರಮಾಣ ಮಾಡಬೇಕೆಂದೂ ಧರ್ಮಾಧ್ಯಕ್ಷರನ್ನು ಮತದಾರರೇ ಆರಿಸಬೇಕೆಂದೂ ಫ್ರಾನ್ಸ್ ಕಾನೂನು ಮಾಡಿದಾಗ ಜಗದ್ಗುರುಗಳು 1791ರಲ್ಲಿ ಅದನ್ನು ಖಂಡಿಸಿದರು. ಅದೇ ವರ್ಷ ಪೋಪರ ಆವಿಞೋನ್ ಪ್ರದೇಶವನ್ನು ಫ್ರಾನ್ಸ್ ಕಿತ್ತುಕೊಂಡಿತು. ದೇಶಭ್ರಷ್ಟರಾದ ಸಾವಿರಾರು ಗುರುಗಳು ರೋಮಿನ ರಾಜ್ಯಕ್ಕೆ ಓಡಿಬಂದರು; ಅವರಿಗೆ ಅನ್ನ, ಆಶ್ರಯಗಳನ್ನು ಕೊಟ್ಟ ಹೊರೆಯೂ ಅದೇ ಬರಿದಾದ ಬೊಕ್ಕಸದ ಮೇಲೆ ಬಿತ್ತು.

1796ರಲ್ಲಿ ನೆಪೋಲಿಯನ್ ಬೋನಪಾರ್ಟನು ಇಟಲಿಗೆ ನುಗ್ಗಿದನು. ಜೂನ್ 23ರಂದು ಬೊಲೋನ್ಯದಲ್ಲಿ ಆದ ಕದನವಿರಾಮಕ್ಕೆ ಪೋಪರು ತೆರಬೇಕಾದ ಬೆಲೆ 2 ಕೋಟಿ 10 ಲಕ್ಷ ಲಿವ್ರ್, 100 ಕಲಾಕೃತಿಗಳು, 500 ಹಸ್ತಪ್ರತಿಗಳು. 1797ರ ಫೆಬ್ರವರಿ 19ರ ತೊಲೆಂತೀನೊ ಒಪ್ಪಂದದಲ್ಲಿ ಇನ್ನೂ 1 ಕೋಟಿ 50 ಲಕ್ಷ ಸೇರಿತು. ಬೊಲೋನ್ಯ, ಫೆರಾರಾ, ರೊಮಾನ್ಯ ಪ್ರಾಂತ್ಯಗಳೂ ಕೈಬಿಟ್ಟವು. ಅವರು ಹುಟ್ಟಿದ ಚೆಸೇನಾ ಪಟ್ಟಣವೂ ಅದರಲ್ಲಿ ಹೋಯಿತು.

ಕಾಗದವು ಸೋತ ಬಗೆ

ಫ್ರೆಂಚರಿಗೆ ಕಾಗದ ಬೇಡ. ಬೆಳ್ಳಿ ಬಂಗಾರ ಬೇಕು. ಇನ್ನೂರು ವರ್ಷಗಳ ಹಿಂದೆ ಜಗದ್ಗುರು ಐದನೆಯ ಸಿಕ್ಸ್ಟಸ್‌ರವರು ಆಪತ್ಕಾಲಕ್ಕೆಂದು ದುರ್ಗದಲ್ಲಿ ಕೂಡಿಟ್ಟಿದ್ದ ಬಂಗಾರವು ಬರಿದಾಯಿತು. ದೇವಾಲಯಗಳ ಬೆಳ್ಳಿಯ ದೀಪಗಳೂ ಮನೆಗಳ ಬೆಳ್ಳಿಯ ಸಾಮಾನುಗಳೂ ಟಂಕಸಾಲೆಗೆ ಹೋದವು. ಪೋಪರ ಕಿರೀಟಗಳನ್ನೂ ಒಡೆದು ರತ್ನಗಳನ್ನು ಬಿಡಿಸಿಕೊಟ್ಟರು. ಹೀಗೆ ನಾಣ್ಯವೆಲ್ಲ ಹೊರಗೆ ಹರಿದಾಗ ಚೆದೊಲೆಯ ಹಿಂದೆ ಉಳಿದದ್ದು ಬರಿಯ ರುಜು.

ಬ್ಯಾಂಕುಗಳು ನಾಣ್ಯ ಕೊಡುವುದನ್ನು ಮಿತಗೊಳಿಸಿದವು. ಚಿನಿವಾರರು ಚೆದೊಲೆಗೆ ವಟ್ಟವನ್ನು ಹಿಡಿಯತೊಡಗಿದರು. ವಟ್ಟವು ದಿನದಿನಕ್ಕೆ ಏರಿತು. ಕೈಯಲ್ಲಿ ಬೆಳ್ಳಿಯಿದ್ದವರು ಅದನ್ನು ಅಡಗಿಸಿಟ್ಟು, ಕೊಡಬೇಕಾದವರಿಗೆ ಕಾಗದವನ್ನೇ ಕೊಟ್ಟರು. ಹಳ್ಳಿಯಿಂದ ಧಾನ್ಯ ತಂದವನು ಕಾಗದಕ್ಕೆ ಮಾರಲು ಹಿಂಜರಿದನು. ಚಿಲ್ಲರೆಗಾಗಿ ಸರ್ಕಾರವು ತಾಮ್ರದ ನಾಣ್ಯಗಳನ್ನು ಅಚ್ಚು ಹಾಕಿಸಿತು. ಎರಡೂವರೆ ಬಯೋಕ್ಕೊ ನಾಣ್ಯದ ಮೇಲೆ ಸಂತ ಪೇತ್ರರ ಮೂರ್ತಿ. 1797ರ ಐದು ಬಯೋಕ್ಕೊ ನಾಣ್ಯದ ಮೇಲೆ ದೇವಮಾತೆಯ ಮುಖ. ಜನರು ಮೊದಲನೆಯದನ್ನು ಸಂಪಿಯೆತ್ರೀನೊ ಎಂದೂ ಎರಡನೆಯದನ್ನು ಮದೊನ್ನೀನಾ ಎಂದೂ ಕರೆದರು. ಅವುಗಳಲ್ಲಿದ್ದ ತಾಮ್ರದ ಬೆಲೆಯು ಮೇಲೆ ಬರೆದ ಬೆಲೆಗಿಂತ ಬಹಳ ಕಡಿಮೆ. ಪೂಜ್ಯ ಮುಖಗಳನ್ನು ಅಚ್ಚೊತ್ತಿದ ಮಾತ್ರಕ್ಕೆ ತಾಮ್ರವು ಬೆಳ್ಳಿಯಾಗುವುದಿಲ್ಲ.

ನಷ್ಟವು ಯಾರಿಗೆ ತಟ್ಟಿತು? ಭೂಮಿಯಿದ್ದವರಿಗೆ ಅಲ್ಲ, ವಿನಿಮಯದ ಮರ್ಮ ಬಲ್ಲವರಿಗೂ ಅಲ್ಲ. ಮಗಳ ಮದುವೆಗೆಂದು ಬ್ಯಾಂಕಿನಲ್ಲಿ ಇಟ್ಟಿದ್ದ ಕುಶಲಕರ್ಮಿಗೆ, ಗಂಡನನ್ನು ಕಳೆದುಕೊಂಡು ಬಡ್ಡಿಯಿಂದ ಜೀವಿಸುತ್ತಿದ್ದ ಹೆಂಗಸಿಗೆ, ಚೆದೊಲೆಯಲ್ಲಿ ಸಂಬಳ ಪಡೆದು ರೊಟ್ಟಿಯಂಗಡಿಯ ಮುಂದೆ ನಿಂತ ಗುಮಾಸ್ತನಿಗೆ. ಬಡವರನ್ನು ಬಡ್ಡಿಕೋರರಿಂದ ಕಾಯಲು ಹುಟ್ಟಿದ ನಿಧಿಯ ಕಾಗದವೇ ಬಡವರ ಕೈಯನ್ನು ಸುಟ್ಟಿತು. 2016ರ ನವೆಂಬರ್ 8ರ ರಾತ್ರಿ ಕೈಯಲ್ಲಿದ್ದ ದೊಡ್ಡ ನೋಟುಗಳು ಚಲಾವಣೆ ಕಳೆದುಕೊಂಡ ಸುದ್ದಿಯನ್ನು ಕೇಳಿ, ಮರುದಿನಗಳಲ್ಲಿ ಬ್ಯಾಂಕಿನ ಮುಂದೆ ಸಾಲು ನಿಂತ ನಮ್ಮವರಿಗೆ ಆ ರೋಮನರ ಗಾಬರಿಯು ಸ್ವಲ್ಪಮಟ್ಟಿಗಾದರೂ ತಿಳಿದೀತು. ನಮಗೆ ಹಳೆಯದನ್ನು ಕೊಟ್ಟು ಹೊಸದನ್ನು ಪಡೆಯಲು ಅವಕಾಶವಿತ್ತು. ಅವರಿಗೆ ಬದಲು ಕೊಡುವವರೇ ಇರಲಿಲ್ಲ.

ಸೆರೆಯ ದಾರಿ

1797ರ ಡಿಸೆಂಬರ್ 28ರಂದು ರೋಮಿನ ಗಲಭೆಯೊಂದರಲ್ಲಿ ಫ್ರೆಂಚ್ ಸೇನಾನಿ ದ್ಯುಫೊ ಹತನಾದನು. ಇದನ್ನೇ ನೆಪಮಾಡಿಕೊಂಡು ಬೆರ್ತಿಯೆ ಎಂಬ ಸೇನಾಪತಿಯು ನಗರವನ್ನು ಹಿಡಿದನು. 1798ರ ಫೆಬ್ರವರಿ 15ರಂದು, ಜಗದ್ಗುರುಗಳು ಪೀಠವನ್ನೇರಿದ ವಾರ್ಷಿಕ ದಿನವೇ, ರೋಮನ್ ಗಣರಾಜ್ಯವನ್ನು ಸಾರಲಾಯಿತು. ಹೊಸ ಸರ್ಕಾರವು ಚೆದೊಲೆಗಳ ಬೆಲೆಯನ್ನು ಇಳಿಸಿ ಕೊನೆಗೆ ಅವನ್ನು ಚಲಾವಣೆಯಿಂದಲೇ ತೆಗೆಯಿತು; ಬದಲಿಗೆ ತನ್ನದೇ ಕಾಗದವನ್ನು ಹೊರಡಿಸಿತು. ಅದರ ಗತಿಯೂ ಅಷ್ಟೇ ಆಯಿತು.

ಎಂಬತ್ತು ವರ್ಷದ, ಕಾಲುಗಳ ಬಲ ಕುಂದಿದ ಜಗದ್ಗುರುಗಳು ರೋಮಿನಲ್ಲಿಯೇ ಸಾಯಲು ಬಿಡಬೇಕೆಂದು ಬೇಡಿಕೊಂಡರು. ಅದಕ್ಕೂ ಅನುಮತಿ ದೊರೆಯಲಿಲ್ಲ. ಫೆಬ್ರವರಿ 20ರ ನಸುಕಿನಲ್ಲಿ ಅವರನ್ನು ಗಾಡಿಯಲ್ಲಿ ಕೂರಿಸಿ ಕರೆದೊಯ್ದರು. ಮೊದಲು ಸಿಯೆನಾ, ಅಲ್ಲಿ ಭೂಕಂಪವಾದ ಮೇಲೆ ಫ್ಲಾರೆನ್ಸಿನ ಹತ್ತಿರದ ಒಂದು ಮಠ. 1799ರ ವಸಂತದಲ್ಲಿ ಯುದ್ಧವು ಸಮೀಪಿಸಿದಾಗ ಪಾರ್ಮ, ಟ್ಯೂರಿನ್‌ಗಳ ಮಾರ್ಗವಾಗಿ, ಹಿಮ ಮುಚ್ಚಿದ ಆಲ್ಪ್ಸ್ ಪರ್ವತದ ಕಣಿವೆಯಲ್ಲಿ ಕುರ್ಚಿಯ ಮೇಲೆ ಹೊತ್ತು ಫ್ರಾನ್ಸಿಗೆ ದಾಟಿಸಿದರು. ಕ್ರಾಂತಿಯ ದೇಶದಲ್ಲಿಯೂ ಊರೂರಿನ ಜನರು ದಾರಿಯ ಬದಿಯಲ್ಲಿ ಮಂಡಿಯೂರಿ ಈ ಮುದುಕ ಸೆರೆಯಾಳಿನ ಆಶೀರ್ವಾದವನ್ನು ಬೇಡಿದರು. ಜುಲೈ ತಿಂಗಳ ಮಧ್ಯದಲ್ಲಿ ವಾಲಾನ್ಸ್ ಪಟ್ಟಣವನ್ನು ತಲುಪಿದರು. ಆಗಸ್ಟ್ 29ರಂದು ಅಲ್ಲಿನ ಕೋಟೆಯಲ್ಲಿ, ವೈರಿಗಳನ್ನು ಕ್ಷಮಿಸಿ, ಪ್ರಭುವಿಗೆ ಪ್ರಾಣವನ್ನು ಒಪ್ಪಿಸಿದರು. ವಯಸ್ಸು 81; ಆಳ್ವಿಕೆ 24 ವರ್ಷ 6 ತಿಂಗಳು.

ಅದೇ 1799 ನಮ್ಮ ನಾಡಿನ ಚರಿತ್ರೆಯಲ್ಲಿಯೂ ದೊಡ್ಡ ವರ್ಷ. ಮೇ 4ರಂದು ಶ್ರೀರಂಗಪಟ್ಟಣವು ಬಿದ್ದು, 1784ರಿಂದ ಅಲ್ಲಿ ಸೆರೆಯಲ್ಲಿದ್ದ ಕೆನರಾದ ಕಥೋಲಿಕರಲ್ಲಿ ಉಳಿದವರು ಮನೆಯ ದಾರಿ ಹಿಡಿದರು. 1792ರಿಂದ ನಿಜಾಮರ ಕೈಯಲ್ಲಿದ್ದ ಬಳ್ಳಾರಿ ಸೀಮೆಯು ಮರುವರ್ಷ, 1800ರಲ್ಲಿ, ಕಂಪನಿಯ ವಶಕ್ಕೆ ಬಂತು. ಕೆನರಾದ ಸೆರೆಯಾಳುಗಳು ಬಿಡುಗಡೆ ಹೊಂದುತ್ತಿದ್ದ ದಿನಗಳಲ್ಲಿಯೇ ಅವರ ಜಗದ್ಗುರುಗಳನ್ನು ಬೆಟ್ಟದಾಚೆಗೆ ಹೊತ್ತೊಯ್ಯುತ್ತಿದ್ದರು.

ನಡೆದ ಕಾಗದ

ಕ್ರಾಂತಿಕಾರರು ಇವರೇ ಕೊನೆಯ ಪೋಪರೆಂದು ಭಾವಿಸಿದರು. ರಾಜ್ಯವಿಲ್ಲ, ಬೊಕ್ಕಸವಿಲ್ಲ, ಕಾರ್ಡಿನಲರು ದಿಕ್ಕುದಿಕ್ಕಿಗೆ ಚದುರಿದ್ದಾರೆ. ಇನ್ನು ಚುನಾವಣೆ ನಡೆಯುವುದಾದರೂ ಎಲ್ಲಿ? ಆದರೆ ಸೆರೆಯಲ್ಲಿದ್ದಾಗಲೇ, 1798ರ ನವೆಂಬರಿನಲ್ಲಿ, ಆರನೆಯ ಪಯಸ್‌ರವರು ಒಂದು ಪತ್ರಕ್ಕೆ ರುಜು ಹಾಕಿದ್ದರು. ತಾವು ಮೃತರಾದಾಗ ಕಾರ್ಡಿನಲರು ಎಲ್ಲಿ ಹೆಚ್ಚು ಮಂದಿ ಸೇರಬಲ್ಲರೋ ಅಲ್ಲಿಯೇ ಚುನಾವಣೆಯನ್ನು ನಡೆಸಬಹುದೆಂದು ಅದರಲ್ಲಿ ವಿಧಿಸಿದ್ದರು.

ನಮ್ಮ ವಾಚಕರು ಈ ಎರಡು ಕಾಗದಗಳನ್ನು ಹೋಲಿಸಿ ನೋಡಬೇಕು. ಚೆದೊಲೆಯ ಹಿಂದೆ ಒಂದು ರಾಜ್ಯವಿತ್ತು, ಟಂಕಸಾಲೆಯಿತ್ತು, ಕಾನೂನಿತ್ತು. ಆದರೂ ಅದನ್ನು ಯಾರೂ ಕೊಳ್ಳಲಿಲ್ಲ. ಈ ಪತ್ರದ ಹಿಂದೆ ಒಬ್ಬ ಸೆರೆಯಾಳಿನ ನಡುಗುವ ಕೈಯಲ್ಲದೆ ಬೇರೇನೂ ಇರಲಿಲ್ಲ. ಆದರೂ ಅದು ಅಕ್ಷರಶಃ ನಡೆಯಿತು. ಆಸ್ಟ್ರಿಯದ ಚಕ್ರವರ್ತಿಯ ಆಶ್ರಯದಲ್ಲಿ ವೆನಿಸ್ ನಗರದ ದ್ವೀಪವೊಂದರ ಮಠದಲ್ಲಿ ಕಾರ್ಡಿನಲರು ಸೇರಿ, 1800ರ ಮಾರ್ಚ್ 14ರಂದು ಏಳನೆಯ ಪಯಸ್‌ರವರನ್ನು ಆರಿಸಿದರು. ಹೊಸ ಜಗದ್ಗುರುಗಳೂ ಚೆಸೇನಾ ಪಟ್ಟಣದವರೇ. ಪಟ್ಟಾಭಿಷೇಕಕ್ಕೆ ಕಿರೀಟವಿರಲಿಲ್ಲ, ಹಳೆಯವೆಲ್ಲ ಹೋಗಿದ್ದವು. ಆಗ ಕಾಗದವನ್ನು ಅರೆದು ಅಚ್ಚಿಗೆ ಹಾಕಿ ಒಂದು ಕಿರೀಟವನ್ನು ಮಾಡಿದರು. ವೆನಿಸಿನ ಸ್ತ್ರೀಯರು ತಮ್ಮ ಆಭರಣಗಳನ್ನು ಕೊಟ್ಟು ಅದನ್ನು ಅಲಂಕರಿಸಿದರು. ಮಾರ್ಚ್ 21ರಂದು ಸಂತ ಪೇತ್ರರ ಉತ್ತರಾಧಿಕಾರಿಯ ತಲೆಯ ಮೇಲೆ ಕಾಗದದ ಕಿರೀಟವೇ ಏರಿತು. ಅದನ್ನು ಕಾಗದವೆಂದು ಯಾರೂ ತಿರಸ್ಕರಿಸಲಿಲ್ಲ.

ಏಳನೆಯ ಪಯಸ್‌ರವರು ರೋಮಿಗೆ ಹಿಂದಿರುಗಿದ ಮೇಲೆ ಕೈಗೊಂಡ ಮೊದಲ ಕಾರ್ಯಗಳಲ್ಲಿ ಹಣದ ಸುಧಾರಣೆಯೂ ಒಂದು. ಜನರ ಕೈಯಲ್ಲಿದ್ದ ಕೀಳು ತಾಮ್ರದ ನಾಣ್ಯವನ್ನು 1801ರಿಂದ ಸರ್ಕಾರವೇ ನಷ್ಟ ಹೊತ್ತು ಹಿಂದಕ್ಕೆ ಪಡೆಯಿತು. ಪೂರ್ವಾಧಿಕಾರಿಯ ದೇಹವನ್ನೂ ಅವರು ತರಿಸಿಕೊಂಡರು. 1802ರ ಫೆಬ್ರವರಿಯಲ್ಲಿ ಅದು ರೋಮನ್ನು ಸೇರಿತು. ಕನೋವಾ ಎಂಬ ಮಹಾಶಿಲ್ಪಿಯು ಕೆತ್ತಿದ ಆರನೆಯ ಪಯಸ್‌ರವರ ಅಮೃತಶಿಲೆಯ ಮೂರ್ತಿಯನ್ನು 1822ರಲ್ಲಿ ಸಂತ ಪೇತ್ರರ ಸಮಾಧಿಯ ಮುಂದೆ ಇರಿಸಿದರು. ಇಂದು ಅದು ಮಹಾದೇವಾಲಯದ ನೆಲಮಾಳಿಗೆಯಲ್ಲಿದೆ. ಸಿಂಹಾಸನದಲ್ಲಿ ಕುಳಿತ ಅರಸನಂತೆ ಅಲ್ಲ, ಮಂಡಿಯೂರಿ ಕೈಜೋಡಿಸಿದ ಭಕ್ತನಂತೆ ಅವರು ಅಲ್ಲಿದ್ದಾರೆ.

ನಮಗೆ ಉಳಿಯುವ ಪಾಠ

ಆರನೆಯ ಪಯಸ್‌ರವರನ್ನು ತೂಗಿ ನೋಡುವ ಅಧಿಕಾರ ನಮಗಿಲ್ಲ, ಅದು ದೇವರದು. ಆದರೆ ಅವರ ಜೀವನವು ಎರಡು ಮಾತುಗಳನ್ನು ಸ್ಪಷ್ಟವಾಗಿ ಕಲಿಸುತ್ತದೆ. ಸದುದ್ದೇಶವು ಲೆಕ್ಕದ ಸ್ಥಾನವನ್ನು ತುಂಬಲಾರದು. ಜೌಗನ್ನು ಬತ್ತಿಸುವುದು, ಅಗ್ಗದ ರೊಟ್ಟಿ, ದೇಶಭ್ರಷ್ಟರಿಗೆ ಆಶ್ರಯ, ದೇವಾಲಯಗಳ ಅಲಂಕಾರ ಇವೆಲ್ಲ ಒಳ್ಳೆಯವೇ. ಆದರೆ ಇಲ್ಲದ ಹಣವನ್ನು ಇದೆಯೆಂದು ಬರೆದುಕೊಟ್ಟಾಗ ಆ ಒಳ್ಳೆಯ ಕಾರ್ಯಗಳ ಸಾಲವನ್ನು ಬಡವರು ತೀರಿಸಬೇಕಾಗುತ್ತದೆ. ಎರಡನೆಯದಾಗಿ, ಧರ್ಮಸಭೆಯು ನಿಂತಿರುವುದು ಅದರ ಬೊಕ್ಕಸದ ಮೇಲಲ್ಲ. ದೇವಾಲಯದ ಬಾಗಿಲಲ್ಲಿ ಕುಳಿತಿದ್ದ ಕುಂಟನಿಗೆ ಸಂತ ಪೇತ್ರರು ಕೊಟ್ಟದ್ದು ಬೆಳ್ಳಿಯನ್ನಲ್ಲ, ಬಂಗಾರವನ್ನಲ್ಲ. ಎಲ್ಲವನ್ನೂ ಕಳೆದುಕೊಂಡ ಅವರ ಉತ್ತರಾಧಿಕಾರಿಯ ಬಳಿಯಲ್ಲಿಯೂ ಕೊನೆಗೆ ಉಳಿದದ್ದು ಆ ಕೊಡುಗೆಯೊಂದೇ. ಅದಕ್ಕೆ ವಟ್ಟ ಹಿಡಿಯುವ ಚಿನಿವಾರನು ಹುಟ್ಟಲಿಲ್ಲ.

ಶತಮಾನೋತ್ಸವದ ಸಂಭ್ರಮದಲ್ಲಿ ನಮ್ಮ ಧರ್ಮಕೇಂದ್ರವೂ ಕಟ್ಟಡ, ಶಾಲೆ, ಬಡವರ ನಿಧಿ ಎಂದು ಹಲವು ಕನಸುಗಳನ್ನು ಕಾಣುತ್ತಿದೆ. ಕಾಣಲಿ. ಕೊಟ್ಟವರಿಗೆ ರಸೀದಿ, ಖರ್ಚಿಗೆ ಚೀಟಿ, ವರ್ಷಕ್ಕೊಮ್ಮೆ ಎಲ್ಲರ ಮುಂದೆ ಲೆಕ್ಕ: ಇವು ಭಕ್ತಿಗೆ ಹೊರಗಿನವೆಂದು ಯಾರೂ ತಿಳಿಯದಿರಲಿ. ಬಡವಳು ಹುಂಡಿಗೆ ಹಾಕಿದ ಹತ್ತು ರೂಪಾಯಿಯೂ ನಮ್ಮ ಕೈಗೆ ಒಪ್ಪಿಸಿದ ನಂಬಿಕೆಯ ಪತ್ರವೇ ಆಗಿದೆ. ಅದನ್ನು ಕುಂದಿಲ್ಲದೆ ಕಾಯುವ ಜಾಣ್ಮೆಯನ್ನೂ, ಎಲ್ಲವೂ ಹೋದ ದಿನ ದೇವರಲ್ಲಿ ನಿಲ್ಲುವ ದೃಢತೆಯನ್ನೂ ಪ್ರಭು ಯೇಸುಕ್ರಿಸ್ತರು ಗುರುಗಳಿಗೂ ಭಕ್ತಾದಿಗಳಿಗೂ ದಯಪಾಲಿಸಲೆಂದು ನಾವು ಪ್ರಾರ್ಥಿಸುತ್ತೇವೆ.